ಬಿ.ಇಡಿ. ಇದ್ದೂ ಪ್ರಾಥಮಿಕ ಶಾಲೆಗೆ ಅನರ್ಹಳಾದೆ. ಮನೆಯವರಿಗೆ ಏನೆಂದು ಹೇಳಲಿ?

ಪ್ರಶ್ನೆ: ನನಗೆ 31 ವರ್ಷ. ತವರು ಗದಗ ಜಿಲ್ಲೆ, ಗಂಡನ ಮನೆ ಹುಬ್ಬಳ್ಳಿ. ಬಿ.ಎ.ಯಲ್ಲಿ ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ಓದಿ, ಇತಿಹಾಸದಲ್ಲಿ ಎಂ.ಎ., ಆಮೇಲೆ ಬಿ.ಇಡಿ. ಮಾಡಿದೆ. ಬಿ.ಇಡಿ. ಶುಲ್ಕಕ್ಕೆಂದು ಅಣ್ಣ ಹೊಲ ಅಡವಿಟ್ಟಿದ್ದ. ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಸಿಟಿಇಟಿಯ ಎರಡೂ ಪತ್ರಿಕೆಗಳು ಪಾಸಾಗಿವೆ. ಕೇಂದ್ರ ಸರ್ಕಾರಕ್ಕೆ ಸೇರಿದ ಶಾಲಾ ಸಂಸ್ಥೆಯೊಂದರಲ್ಲಿ ಒಂದರಿಂದ ಐದನೇ ತರಗತಿಯ ಶಿಕ್ಷಕರ ಹುದ್ದೆಗೆ ಆನ್‌ಲೈನ್ ಅರ್ಜಿ ಹಾಕಿದೆ; ಅದು ಸ್ವೀಕೃತವಾಯಿತು, ಶುಲ್ಕವನ್ನೂ ತೆಗೆದುಕೊಂಡರು. ಪರೀಕ್ಷೆ ಬರೆದೆ, ಒಳ್ಳೆಯ ಅಂಕಗಳೂ ಬಂದವು. ದಾಖಲೆ ಪರಿಶೀಲನೆಗೆ ಕರೆ ಬಂದಷ್ಟಕ್ಕೇ ಮಾವನವರು ಓಣಿಗೆಲ್ಲ ಪೇಡೆ ಹಂಚಿದರು. ಪರಿಶೀಲನೆಯಲ್ಲಿ ಡಿ.ಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಇಲ್ಲವೆಂದು ನನ್ನನ್ನು ಕೈಬಿಟ್ಟರು. ಮನೆಯಲ್ಲಿ ‘ಆದೇಶ ತಡವಾಗಿದೆ’ ಎಂದು ಹೇಳಿಕೊಂಡು ದಿನ ದೂಡುತ್ತಿದ್ದೇನೆ. ನಿಜ ಗೊತ್ತಿರುವ ಪತಿ ಹೈಕೋರ್ಟಿಗೆ ಹೋಗೋಣ ಎನ್ನುತ್ತಾರೆ. ಕೋಚಿಂಗ್ ಕ್ಲಾಸಿನಲ್ಲಿ ಪರಿಚಯವಾದ ಒಬ್ಬರು ಹೊರರಾಜ್ಯದ ಡಿ.ಎಲ್.ಇಡಿ. ಪ್ರಮಾಣಪತ್ರವನ್ನು ಹಳೆಯ ದಿನಾಂಕದಲ್ಲಿ ತರಿಸಿಕೊಡುತ್ತೇನೆಂದು 80 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಹಿಂದಿದ್ದ ಪ್ರಾಥಮಿಕ ಶಿಕ್ಷಕರ ತರಬೇತಿ ಟಿ.ಸಿ.ಎಚ್. ಮಾಡಿ ಸರ್ಕಾರಿ ಶಾಲೆಯಲ್ಲಿರುವ ಹಿರಿಯ ನೆಗೆಣ್ಣಿ ಮೊದಲಿನಿಂದಲೂ ‘ಅಷ್ಟು ಓದಿ ಏನಾಯಿತು’ ಎಂದು ಹಂಗಿಸುವವರು. ಈ ವಯಸ್ಸಿನಲ್ಲಿ ಪಿಯುಸಿ ಮುಗಿಸಿದ ಹುಡುಗಿಯರ ಜೊತೆ ಕುಳಿತು ಡಿ.ಎಲ್.ಇಡಿ. ಮಾಡಲೇ?

ಉತ್ತರ: ಸಹೋದರಿ, ಮೊದಲು ಆ 80 ಸಾವಿರದ ಮಾತನ್ನು ಮುಗಿಸಿಬಿಡೋಣ. ಉಳಿದ ವಿಷಯಗಳನ್ನು ಯೋಚಿಸಲು ಸಮಯವಿದೆ. ಇದಕ್ಕೆ ಇಂದೇ ಇಲ್ಲವೆನ್ನಬೇಕು. ನೇಮಕಾತಿಯಲ್ಲಿ ಅಭ್ಯರ್ಥಿಯ ವಿದ್ಯಾರ್ಹತೆಯನ್ನು ಸಾಮಾನ್ಯವಾಗಿ ಅರ್ಜಿ ಸಲ್ಲಿಸುವ ಕೊನೆಯ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ. ಆದ್ದರಿಂದ ಆ ಮನುಷ್ಯ ತರಿಸಿಕೊಡುವ ಕಾಗದ ನಿಮಗೆ ಉಪಯೋಗಕ್ಕೆ ಬರಬೇಕಾದರೆ, ಆ ದಿನಾಂಕಕ್ಕೂ ಹಿಂದೆ ಎರಡು ವರ್ಷ ನೀವು ಇನ್ನೊಂದು ರಾಜ್ಯದಲ್ಲಿ ತರಗತಿಗೆ ಹಾಜರಾಗಿ, ಶಾಲೆಗಳಲ್ಲಿ ಪಾಠ ಮಾಡಿ ತರಬೇತಿ ಪಡೆದಿರಿ ಎಂದು ಅದು ಹೇಳಬೇಕಾಗುತ್ತದೆ. ನಿಮ್ಮ ಎಂ.ಎ. ಮತ್ತು ಬಿ.ಇಡಿ. ಅಂಕಪಟ್ಟಿಗಳ ಮೇಲಿನ ವರ್ಷಗಳೇ ಅದನ್ನು ಸುಳ್ಳೆಂದು ತೋರಿಸಿಕೊಡುತ್ತವೆ. ಮೇಲಾಗಿ ಡಿ.ಎಲ್.ಇಡಿ. ಇಲ್ಲವೆಂಬ ಸಂಗತಿ ಪರಿಶೀಲನೆಯಲ್ಲಿ ಆಗಲೇ ದಾಖಲಾಗಿದೆ. ನೇಮಕವಾದ ಮೇಲೂ ಪ್ರಮಾಣಪತ್ರವನ್ನು ಅದು ಹೊರಟ ಮಂಡಳಿಗೇ ಕಳುಹಿಸಿ ನೈಜತೆಯನ್ನು ವಿಚಾರಿಸುವ ಪದ್ಧತಿ ಇದೆ. ಎಷ್ಟೋ ವರ್ಷ ಸೇವೆ ಮಾಡಿದವರನ್ನು ಇದೇ ಕಾರಣಕ್ಕೆ ವಜಾ ಮಾಡಿ ಮೊಕದ್ದಮೆ ಹೂಡಿದ್ದುಂಟು. ಹಾಗಾದಾಗ ನಿಮ್ಮ ಅಸಲಿ ಬಿ.ಇಡಿ.ಗೂ ಬೆಲೆ ಉಳಿಯುವುದಿಲ್ಲ. ಆ ವ್ಯಕ್ತಿಗೆ ಕಾರಣ ವಿವರಿಸುವ ಅಗತ್ಯವಿಲ್ಲ, ಬೇಡವೆಂದರೆ ಸಾಕು. ಆತನ ಕೈಯಲ್ಲಿ ನಿಮ್ಮ ಅಂಕಪಟ್ಟಿಗಳ ಪ್ರತಿಗಳಿದ್ದರೆ ಹಿಂದಕ್ಕೆ ಪಡೆಯಿರಿ.

ಇನ್ನು ನಿಮ್ಮನ್ನು ಕೈಬಿಟ್ಟ ವಿಷಯ. ‘ಹೆಚ್ಚು ಓದಿದವಳು ಕಡಿಮೆ ತರಗತಿಗೆ ಹೇಗೆ ಅನರ್ಹಳಾಗುತ್ತಾಳೆ’ ಎಂಬ ಪ್ರಶ್ನೆ ನಿಮ್ಮ ಪತ್ರದ ಉದ್ದಕ್ಕೂ ಇದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2010ರ ಆಗಸ್ಟ್ 23ರಂದು ಶಿಕ್ಷಕರ ಕನಿಷ್ಠ ಅರ್ಹತೆಗಳನ್ನು ನಿಗದಿಪಡಿಸಿದಾಗ, ಒಂದರಿಂದ ಐದನೇ ತರಗತಿಗೆ ಮುಖ್ಯವಾಗಿ ಪಿಯುಸಿ ಮತ್ತು ಎರಡು ವರ್ಷದ ಡಿ.ಎಲ್.ಇಡಿ.ಯನ್ನೇ ಕೇಳಿತ್ತು. 2018ರ ಜೂನ್ 28ರಂದು ಅದೇ ಪರಿಷತ್ತು ಬಿ.ಇಡಿ. ಮಾಡಿದವರಿಗೂ ಬಾಗಿಲು ತೆರೆಯಿತು. ನೇಮಕವಾದ ಎರಡು ವರ್ಷದೊಳಗೆ ಪ್ರಾಥಮಿಕ ತರಗತಿಗಳ ಬೋಧನೆಗೆ ಸಜ್ಜುಗೊಳಿಸುವ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಮುಗಿಸಬೇಕೆಂಬ ಷರತ್ತು ಮಾತ್ರ ಇತ್ತು. ನೀವು ಬಿ.ಇಡಿ. ಓದಿದ್ದು ಈ ಅವಧಿಯಲ್ಲಿಯೇ ಇರಬೇಕು, ಆದ್ದರಿಂದ ನಿಮ್ಮ ನಂಬಿಕೆ ಆಗ ತಪ್ಪಾಗಿರಲಿಲ್ಲ. ಆದರೆ ರಾಜಸ್ಥಾನದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2023ರ ಆಗಸ್ಟ್ 11ರಂದು ಆ ಅಧಿಸೂಚನೆಯನ್ನು ರದ್ದುಪಡಿಸಿತು. ಬಿ.ಇಡಿ. ಎಂಬುದು ಪ್ರೌಢ ಮತ್ತು ಅದಕ್ಕೂ ಮೇಲಿನ ತರಗತಿಗಳಿಗೆ ಪಾಠ ಮಾಡುವ ತರಬೇತಿ, ಎಳೆಯ ಮಕ್ಕಳಿಗೆ ಕಲಿಸುವ ವಿಧಾನವೇ ಬೇರೆ, ಹಾಗಾಗಿ ಪ್ರಾಥಮಿಕ ತರಗತಿಗಳ ಮಟ್ಟಿಗೆ ಬಿ.ಇಡಿ.ಯನ್ನು ಹೆಚ್ಚಿನ ಅರ್ಹತೆ ಎಂದು ಎಣಿಸಲಾಗದು ಎಂಬುದು ತೀರ್ಪಿನ ತಿರುಳು. ನನಗೆ ಈ ತರ್ಕ ಸರಿಯೆಂದೇ ಕಾಣುತ್ತದೆ. ವಿಜಯನಗರದ ಆಡಳಿತವನ್ನು ಹದಿನೈದರ ಹುಡುಗರಿಗೆ ವಿವರಿಸಬಲ್ಲವರೆಲ್ಲರಿಗೂ ಆರು ವರ್ಷದ ಮಗುವಿಗೆ ಒತ್ತಕ್ಷರ ಕಲಿಸಲು ಬರುವುದಿಲ್ಲ. ಆದರೆ ಐದು ವರ್ಷ ಬಾಗಿಲು ತೆರೆದಿಟ್ಟು, ಅದನ್ನು ನಂಬಿ ಹೊಲ ಅಡವಿಟ್ಟ ಮೇಲೆ ಮುಚ್ಚಿದರೆ ಆ ನಷ್ಟವನ್ನು ಹೊರುವವರು ನಿಮ್ಮಂಥ ಕುಟುಂಬಗಳು ಮಾತ್ರ; ಆ ನೋವನ್ನು ನಾನು ಅಲ್ಲಗಳೆಯುವುದಿಲ್ಲ.

ಸಿಟಿಇಟಿ ಪಾಸಾಗಿದೆ, ಆನ್‌ಲೈನ್ ಅರ್ಜಿಯೂ ಸ್ವೀಕೃತವಾಗಿತ್ತು, ಶುಲ್ಕವನ್ನೂ ತೆಗೆದುಕೊಂಡರು ಎಂದು ನೀವು ಬರೆದಿದ್ದೀರಿ. ಇವುಗಳಲ್ಲಿ ಯಾವುದೂ ಹುದ್ದೆಗೆ ಬೇಕಾದ ತರಬೇತಿಯ ಬದಲಿಗೆ ನಿಲ್ಲುವುದಿಲ್ಲ. ಅರ್ಹತೆಯನ್ನು ಪರಿಶೀಲನೆಯ ಹಂತದಲ್ಲಷ್ಟೇ ನೋಡಲಾಗುವುದೆಂಬ ಸಾಲು ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ಅದೂ ಕೊನೆಯ ಪುಟಗಳಲ್ಲಿ. (ಅದನ್ನು ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದರೆ ಎಷ್ಟೋ ಮನೆಗಳಲ್ಲಿ ಪೇಡೆ ಉಳಿಯುತ್ತಿತ್ತು.)

ಹೈಕೋರ್ಟಿಗೆ ಹೋಗುವ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೇಡ. ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಸ್ಪಷ್ಟೀಕರಣ ಕೊಟ್ಟು, ಬಿ.ಇಡಿ.ಯನ್ನು ಅರ್ಹತೆಯೆಂದು ಘೋಷಿಸಿದ್ದ ನೇಮಕಾತಿಗಳಲ್ಲಿ 2023ರ ಆಗಸ್ಟ್ 11ಕ್ಕೆ ಮುಂಚೆಯೇ ನೇಮಕವಾದವರನ್ನು ಮಾತ್ರ ಉಳಿಸಿತು. ಈಗ ಮಾತಿಗೆ ಬರುತ್ತಿರುವ ಬ್ರಿಡ್ಜ್ ಕೋರ್ಸ್ ಆ ಸೇವಾನಿರತರಿಗಾಗಿ ಇರುವಂಥದು. ಅದನ್ನು ತೋರಿಸಿ ನಿಮ್ಮಿಂದ ಹಣ ಕೇಳುವವರೂ ಬರಬಹುದು, ಎಚ್ಚರವಿರಲಿ. ಇರುವ ಪ್ರಮಾಣಪತ್ರವನ್ನು ಅಧಿಕಾರಿಗಳು ತಪ್ಪಾಗಿ ಓದಿ ಕೈಬಿಟ್ಟಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ ಲಿಖಿತ ಮನವಿ, ಮಾಹಿತಿ ಹಕ್ಕಿನ ಅರ್ಜಿ, ಕೊನೆಗೆ ನ್ಯಾಯಾಲಯ, ಎಲ್ಲವನ್ನೂ ಮಾಡಿ ಎನ್ನುತ್ತಿದ್ದೆ. ನಿಮ್ಮ ಪತಿಯ ಉತ್ಸಾಹ ಒಳ್ಳೆಯದೇ. ಅದನ್ನು ವಕೀಲರ ಶುಲ್ಕಕ್ಕೆ ಸುರಿಯುವ ಬದಲು, ಮಾವನವರ ಎದುರು ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳಲು ಬಳಸಲಿ.

ಏಕೆಂದರೆ ನಿಮ್ಮನ್ನು ಹಗಲಿರುಳು ಕಾಡುತ್ತಿರುವುದು ಕೈತಪ್ಪಿದ ಹುದ್ದೆಗಿಂತ ಹೆಚ್ಚಾಗಿ ‘ಆದೇಶ ತಡವಾಗಿದೆ’ ಎಂಬ ಆ ಮಾತು. ಇದೇ ವಾರ ಅತ್ತೆ–ಮಾವ ಇಬ್ಬರೂ ಮನೆಯಲ್ಲಿರುವ ಹೊತ್ತಿನಲ್ಲಿ ಪತಿಯೊಡನೆ ಕುಳಿತು ಹೇಳಿ: ಪರೀಕ್ಷೆಯಲ್ಲಿ ಪಾಸಾದೆ, ಆದರೆ ಆ ಹುದ್ದೆಗೆ ಬೇಕಾದ ತರಬೇತಿ ನನ್ನದಲ್ಲವೆಂದು ಪರಿಶೀಲನೆಯಲ್ಲಿ ಕೈಬಿಟ್ಟರು, ನಿಮ್ಮ ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ, ಆದೇಶದ ಮಾತು ಸುಳ್ಳು. ಇಷ್ಟೇ ಸಾಕು. ಕಚೇರಿಯವರನ್ನು ಬೈಯುವುದಾಗಲಿ, ಇನ್ನೇನೋ ಆಗುತ್ತದೆಂಬ ಆಸೆ ಹುಟ್ಟಿಸುವುದಾಗಲಿ ಬೇಡ. ಓಣಿಯವರ ಎದುರು ಮಾವನವರಿಗೆ ಸ್ವಲ್ಪ ಮುಜುಗರವಾಗುತ್ತದೆ, ಒಂದೆರಡು ದಿನ ಮಾತು ಬಿಟ್ಟರೂ ಬಿಟ್ಟಾರು. ಆದೇಶ ಕೈಗೆ ಬರುವ ಮೊದಲೇ ಸಿಹಿ ಹಂಚಿದ್ದು ಅವರ ಸಂಭ್ರಮ. ಅದರ ಭಾರವನ್ನು ನೀವು ಹೊರಬೇಕಾಗಿಲ್ಲ. ಅಣ್ಣನಿಗೆ ಫೋನಿನಲ್ಲಿ ಹೇಳಬೇಡಿ, ಊರಿಗೆ ಹೋಗಿ ಹೇಳಿ, ಹೋಗುವಾಗ ಮುಂದೆ ಯಾವ ಹುದ್ದೆಗಳಿಗೆ ಅರ್ಜಿ ಹಾಕುತ್ತೀರಿ ಎಂಬುದನ್ನು ಬರೆದುಕೊಂಡೇ ಹೋಗಿ. ಹೊಲದ ಸಾಲ ಉಳಿದಿದ್ದರೆ, ಸದ್ಯಕ್ಕೆ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಸೇರಿ, ಬಡ್ಡಿಯನ್ನಾದರೂ ನೀವು ಕಟ್ಟುವ ಮಾತು ಕೊಡಿ.

ಆ ಪಟ್ಟಿಯಲ್ಲಿ ಏನಿರಬೇಕು? ನಿಮ್ಮ ವಿದ್ಯಾಭ್ಯಾಸ ಆರನೇ ತರಗತಿಯಿಂದ ಮೇಲಕ್ಕೆ ಸರಿಯಾಗಿ ಹೊಂದುತ್ತದೆ. ರಾಜ್ಯದಲ್ಲಿ ಆರರಿಂದ ಎಂಟನೇ ತರಗತಿಯ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿವೆ, 2022ರಲ್ಲಿ ಇಂಥ 15 ಸಾವಿರ ಹುದ್ದೆಗಳಿಗೆ ನೇಮಕಾತಿ ಹೊರಟಿತ್ತು. ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನದ ಸಹ ಶಿಕ್ಷಕರ ಹುದ್ದೆಗಳಿವೆ. ಕೇಂದ್ರೀಯ ವಿದ್ಯಾಲಯಗಳು ಸಮಾಜ ವಿಜ್ಞಾನದ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕರ) ಹುದ್ದೆಗೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಎರಡನ್ನು ಪದವಿಯಲ್ಲಿ ಓದಿರಬೇಕು, ಅವುಗಳಲ್ಲಿ ಒಂದು ಇತಿಹಾಸ ಅಥವಾ ಭೂಗೋಳವೇ ಆಗಿರಬೇಕು ಎನ್ನುತ್ತವೆ, ನಿಮ್ಮ ಬಿ.ಎ. ಇದಕ್ಕೆ ಒಪ್ಪುತ್ತದೆ. ನಿಮ್ಮ ಎಂ.ಎ. ಇತಿಹಾಸದ ಪಿಜಿಟಿ (ಸ್ನಾತಕೋತ್ತರ ಶಿಕ್ಷಕರ) ಹುದ್ದೆಗೂ ಸಲ್ಲುತ್ತದೆ. ಆದರೆ ಶೇ 50ರ ಷರತ್ತಿನ ಕಡೆ ಗಮನವಿರಲಿ. ಟಿಜಿಟಿಗೆ ಒಟ್ಟು ಅಂಕಗಳ ಜೊತೆಗೆ ಆಯಾ ವಿಷಯಗಳಲ್ಲೂ ಶೇ 50 ಕೇಳುತ್ತಾರೆ; ಬಿ.ಎ. ರಾಜ್ಯಶಾಸ್ತ್ರದಲ್ಲಿ ನಿಮ್ಮ ಅಂಕ ಎಷ್ಟಿದೆಯೆಂದು ಇಂದೇ ಅಂಕಪಟ್ಟಿ ತೆಗೆದು ಕೂಡಿಸಿ ನೋಡಿ. ಸಿಟಿಇಟಿಯ ಎರಡನೇ ಪತ್ರಿಕೆಯ ಪ್ರಮಾಣಪತ್ರ ಈಗ ಜೀವಿತಾವಧಿಗೆ ಮಾನ್ಯವಾಗಿದ್ದು, ಅದು ಆರರಿಂದ ಎಂಟನೇ ತರಗತಿಯ ಹುದ್ದೆಗಳಿಗೆ ನಿಮ್ಮ ಕೆಲಸಕ್ಕೆ ಬರುತ್ತದೆ. ವಯೋಮಿತಿ ಒಂದೊಂದು ನೇಮಕಾತಿಗೂ ಬೇರೆ ಬೇರೆಯಾಗಿರುವುದರಿಂದ, 31ರಲ್ಲಿರುವ ನೀವು ಅಧಿಸೂಚನೆಯಲ್ಲಿ ಮೊದಲು ಓದಬೇಕಾದ ಸಾಲು ಅದೇ.

ಹಾಗಾಗಿ ಹಠಕ್ಕೆ ಬಿದ್ದು ಡಿ.ಎಲ್.ಇಡಿ.ಗೆ ಸೇರಬೇಡಿ. ತಿರಸ್ಕರಿಸಿದವರಿಗೆ ಉತ್ತರ ಕೊಡುವುದಕ್ಕೆಂದು ಎರಡು ವರ್ಷ ಕಳೆಯುವಷ್ಟು ಬಿಡುವು ನಿಮಗಿಲ್ಲ. ಎಳೆಯ ಮಕ್ಕಳಿಗೆ ಕಲಿಸುವುದೇ ನಿಮಗೆ ನಿಜವಾಗಿ ಬೇಕಾದ ಕೆಲಸವಾಗಿದ್ದರೆ ಮಾತ್ರ ವಯಸ್ಸಿನ ಸಂಕೋಚವನ್ನು ಬದಿಗಿಟ್ಟು ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ವಿಚಾರಿಸಿ. ಅದನ್ನು ತಿಳಿದುಕೊಳ್ಳುವುದಕ್ಕೆ ದಾರಿ ನಿಮ್ಮ ಮನೆಯಲ್ಲೇ ಇದೆ. ನೆಗೆಣ್ಣಿಯವರ ಚುಚ್ಚುಮಾತು ನಿಮಗೆ ಸಹ್ಯವಲ್ಲ, ಆದರೆ ಒಂದನೇ ತರಗತಿಯ ಪಾಠ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಕೆಲವು ದಿನ ಅವರ ನಲಿ–ಕಲಿ ತರಗತಿಯಲ್ಲಿ ಕುಳಿತುಕೊಳ್ಳಲು ಅವಕಾಶ ಕೇಳಿ. ಕೇಳುವಾಗ ಹಳೆಯ ಲೆಕ್ಕ ತೆಗೆಯಬೇಡಿ, ‘ಅಕ್ಕ, ನಿಮ್ಮ ಪಾಠ ನೋಡಬೇಕು’ ಎಂದಷ್ಟೇ ಹೇಳಿ. ಆ ತರಗತಿಯಲ್ಲಿ ಬೇಸರ ಬಂದರೆ ಪ್ರೌಢಶಾಲೆಯ ತಯಾರಿಗೆ ಹಿಂತಿರುಗಿ, ಬರದಿದ್ದರೆ ಡಿ.ಎಲ್.ಇಡಿ. ಪ್ರವೇಶದ ಅರ್ಜಿ ಯಾವಾಗ ಕರೆಯುತ್ತಾರೆ ಎಂಬುದನ್ನೂ ಅವರೇ ಹೇಳಬಲ್ಲರು.