ನೀರಾಗಿ ಸೋರಿದ್ದೆಲ್ಲ ಭೇದಿಯಲ್ಲ

ಪ್ರಶ್ನೆ: ನನಗೆ 71 ವರ್ಷ. ಮಗ, ಸೊಸೆಯ ಜೊತೆ ಇದ್ದೇನೆ. ಏಳೆಂಟು ತಿಂಗಳಿಂದ ನನಗೇ ಗೊತ್ತಾಗದ ಹಾಗೆ ಒಳಉಡುಪಿನಲ್ಲಿ ಮಲ ಆಗಿಬಿಡುತ್ತದೆ. ಎರಡು ಮೂರು ದಿನ ಸರಿಯಾಗಿ ಹೋಗುವುದೇ ಇಲ್ಲ, ಆಮೇಲೆ ಒಂದೇ ದಿನ ನಾಲ್ಕೈದು ಸಲ ನೀರುನೀರಾಗಿ ಸೋರುತ್ತದೆ. ಕೆಲವು ಸಲ ಅವಸರವಾಗಿ ಓಡಿದರೂ ಬಾತ್‌ರೂಮ್ ಮುಟ್ಟುವಷ್ಟರಲ್ಲಿ ಮುಗಿದುಹೋಗಿರುತ್ತದೆ. ಭೇದಿ ಅಂದುಕೊಂಡು ಮೆಡಿಕಲ್ ಅಂಗಡಿಯಿಂದ ಲೊಪೆರಮೈಡ್ ತರಿಸಿ ನುಂಗುತ್ತಿದ್ದೇನೆ, ಆದರೆ ಈಚೆಗೆ ಜಾಸ್ತಿಯೇ ಆಗಿದೆ. ಮಂಡಿನೋವಿಗೆ ಟ್ರಮಡಾಲ್, ಶುಗರ್‌ಗೆ ಮೆಟ್‌ಫಾರ್ಮಿನ್, ರಕ್ತ ಕಡಿಮೆ ಅಂತ ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತೇನೆ. ಮೊದಲ ಹೆರಿಗೆ ಫೋರ್ಸೆಪ್ಸ್ (ಇಕ್ಕಳ) ಹಾಕಿ ಆದದ್ದು. ಈಗ ಊಟ, ನೀರು ಎರಡನ್ನೂ ಕಡಿಮೆ ಮಾಡಿದ್ದೇನೆ. ಬಟ್ಟೆಯನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಒಗೆಯುತ್ತೇನೆ. ತಂಗಿಯ ಮನೆಗೆ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಬರುತ್ತೇನೆ ಅಂತ ಹೇಳಿ ಎರಡು ಸಲ ತಪ್ಪಿಸಿಕೊಂಡೆ. ಡಾಕ್ಟರ ಹತ್ತಿರ ಹೇಳಲು ನಾಚಿಕೆ. ಸೊಸೆಗೆ ಹೇಳಲೋ ಬೇಡವೋ ತಿಳಿಯುತ್ತಿಲ್ಲ.

ಉತ್ತರ: ಮೊದಲು ಆ ಲೊಪೆರಮೈಡ್ ನಿಲ್ಲಿಸಿ. ಎರಡು ಮೂರು ದಿನ ಏನೂ ಇಲ್ಲ, ಆಮೇಲೆ ನೀರುನೀರು, ಅದೂ ಗೊತ್ತಾಗದ ಹಾಗೆ. ವಯಸ್ಸಾದವರಲ್ಲಿ ಹೀಗಾದರೆ ಮೊದಲು ಅನುಮಾನಿಸಬೇಕಾದ್ದು ಮಲಬದ್ಧತೆಯನ್ನು. ಗುದನಾಳದಲ್ಲಿ ಗಟ್ಟಿ ಮಲ ಕೂತುಬಿಟ್ಟಿರುತ್ತದೆ. ಅದರ ಮೇಲ್ಗಡೆ ಸೇರಿದ ತೆಳು ಮಲ, ಹೊಳೆಗೆ ಅಡ್ಡ ಬಿದ್ದ ಬಂಡೆಯ ಪಕ್ಕದಿಂದ ನೀರು ನುಸುಳುವ ಹಾಗೆ, ಸಂದಿಯಲ್ಲಿ ಇಳಿದು ಹೊರಗೆ ಬರುತ್ತದೆ. ಗುದನಾಳ ಸದಾ ಹಿಗ್ಗಿಕೊಂಡೇ ಇರುವುದರಿಂದ 'ತುಂಬಿದೆ' ಎಂಬ ಸೂಚನೆ ಮಂಕಾಗುತ್ತದೆ, ಗುದವನ್ನು ಮುಚ್ಚಿ ಹಿಡಿಯುವ ಒಳಗಿನ ಬಿಗಿಸ್ನಾಯು ಸಡಿಲವಾಗುತ್ತದೆ. ಅದಕ್ಕೇ ಸೋರಿದ್ದು ನಿಮಗೆ ಗೊತ್ತಾಗುವುದಿಲ್ಲ. ಲೊಪೆರಮೈಡ್ ಕರುಳಿನ ಚಲನೆಯನ್ನು ನಿಧಾನ ಮಾಡುವ ಔಷಧಿ. ಕಟ್ಟಿಕೊಂಡಿದ್ದು ಇನ್ನಷ್ಟು ಗಟ್ಟಿಯಾಗುತ್ತದೆ, ಸೋರುವುದು ಹೆಚ್ಚುತ್ತದೆ. ನೀವು ಬರೆದಿರುವುದೂ ಅದನ್ನೇ.

ನಿಮ್ಮ ಮಾತ್ರೆಗಳನ್ನು ನೋಡಿ. ಟ್ರಮಡಾಲ್ ಮತ್ತು ಕಬ್ಬಿಣಾಂಶ ಎರಡೂ ಮಲ ಕಟ್ಟಿಸುತ್ತವೆ. ಮೆಟ್‌ಫಾರ್ಮಿನ್ ಹಲವರಲ್ಲಿ ಹೊಟ್ಟೆ ಸಡಿಲ ಮಾಡುತ್ತದೆ. ಹೀಗೆ ಎರಡು ಕಡೆಯಿಂದ ಎಳೆದಾಟ. ಊಟ, ನೀರು ಕಡಿಮೆ ಮಾಡಿದ್ದು ಅದಕ್ಕೆ ಸೇರಿತು. ತಿನ್ನದಿದ್ದರೆ ಮಲ ನಿಲ್ಲುತ್ತದೆ ಎನ್ನುವುದು ಸಹಜವಾದ ಲೆಕ್ಕಾಚಾರ, ಆದರೆ ತಪ್ಪು ಲೆಕ್ಕ. ಊಟವಿಲ್ಲದಿದ್ದರೂ ಕರುಳಿನಲ್ಲಿ ಮಲ ತಯಾರಾಗುತ್ತಲೇ ಇರುತ್ತದೆ, ನೀರು ಸಾಲದೆ ಒಣಗುತ್ತದೆ, ಹೋಗುವ ಹೊತ್ತಿನ ಕ್ರಮವೂ ಕೆಡುತ್ತದೆ. ಹಾಗಂತ ಮೆಟ್‌ಫಾರ್ಮಿನ್ ಆಗಲಿ ಟ್ರಮಡಾಲ್ ಆಗಲಿ ನೀವಾಗಿಯೇ ಬಿಡಬೇಡಿ. ಬದಲಿ ಮಾತ್ರೆ ಇದೆಯೇ, ಪ್ರಮಾಣ ಇಳಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಪತ್ರ ಓದಿ ಇದೇ ಎಂದು ಖಚಿತಪಡಿಸಲಾಗದು. ಡಾಕ್ಟರ ಹತ್ತಿರ ಹೋಗಲೇಬೇಕು. ಬಾಯಿಬಿಟ್ಟು ಹೇಳಲು ಆಗದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ: 'ಗೊತ್ತಾಗದೆ ಮಲ ಸೋರುತ್ತದೆ, ಏಳೆಂಟು ತಿಂಗಳಾಯಿತು, ನಡುವೆ ಎರಡು ಮೂರು ದಿನ ಹೋಗುವುದಿಲ್ಲ.' ಇಷ್ಟು ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಪರೀಕ್ಷೆ ಎಂದರೆ ಎಡಮಗ್ಗುಲಾಗಿ ಮಂಡಿ ಮಡಿಸಿ ಮಲಗುವುದು, ಗ್ಲೌಸ್ ಹಾಕಿದ ಬೆರಳಿಗೆ ಜೆಲ್ಲಿ ಸವರಿ ಒಳಗೆ ನೋಡುವುದು. ಒಂದು ನಿಮಿಷದ ಕೆಲಸ. 'ಬಿಗಿ ಹಿಡಿಯಿರಿ' ಎನ್ನುತ್ತಾರೆ, 'ತಿಣುಕಿ' ಎನ್ನುತ್ತಾರೆ. ಗಟ್ಟಿ ಮಲ ಇದೆಯೇ, ಸ್ನಾಯು ಎಷ್ಟು ಬಿಗಿಯುತ್ತದೆ ಎಂಬುದೆಲ್ಲ ಅಷ್ಟರಲ್ಲೇ ತಿಳಿಯುತ್ತದೆ. ಕೆಲವೊಮ್ಮೆ ಬೆರಳಿಗೆ ಏನೂ ಸಿಗದೆ ಮೇಲ್ಗಡೆ ಕಟ್ಟಿಕೊಂಡಿರುತ್ತದೆ, ಆಗ ಹೊಟ್ಟೆಯ ಎಕ್ಸ್-ರೇ ಬೇಕಾಗಬಹುದು. ಹೆಂಗಸು ಡಾಕ್ಟರೇ ಬೇಕು, ಜೊತೆಗೆ ನರ್ಸ್ ಇರಬೇಕು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಅಲ್ಲಿ ಇನ್ನೊಂದು ಮಾತು ಮರೆಯದೆ ಕೇಳಿ: ರಕ್ತ ಕಡಿಮೆಯಾದದ್ದು ಯಾಕೆ? ಈ ವಯಸ್ಸಿನಲ್ಲಿ ಕಬ್ಬಿಣಾಂಶ ಇಳಿದಿದ್ದು, ಮಲದ ಕ್ರಮವೂ ಬದಲಾಗಿದ್ದರೆ ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ನೋಡದೆ ಬರೀ ಮಾತ್ರೆ ಕೊಟ್ಟು ಸುಮ್ಮನಾಗಬಾರದು. ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಗಾಗುವುದು ಮಾಮೂಲು, ಆದರೆ ಡಾಂಬರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಇದ್ದರೆ, ಕೆಂಪು ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ತಡ ಮಾಡಬೇಡಿ. ಸೊಂಟನೋವಿನ ಜೊತೆ ತೊಡೆಸಂದಿ, ಗುದದ ಸುತ್ತ ಮರಗಟ್ಟಿದ ಹಾಗಾದರೆ, ಕಾಲು ಸೋತರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ. ಹೊಟ್ಟೆ ಉಬ್ಬಿ ನೋವು, ವಾಂತಿ ಬಂದು ಗಾಳಿಯೂ ಹೋಗದಿದ್ದರೂ ಅಷ್ಟೇ.

ಕಟ್ಟಿಕೊಂಡಿದೆ ಎಂದು ಗೊತ್ತಾದರೆ ಅದನ್ನು ತೆಗೆಯಲು ನೀರಿನಲ್ಲಿ ಕರಗಿಸಿ ಕುಡಿಯುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಗುದದೊಳಗೆ ಇಡುವ ಸಪೊಸಿಟರಿ, ಇಲ್ಲವೇ ಎನಿಮಾ ಕೊಡುತ್ತಾರೆ. ಬಹಳ ಜನ ಎಡವುವುದು ಇಲ್ಲಿಯೇ. ಪುಡಿ ಶುರು ಮಾಡಿದ ಮೊದಲ ಕೆಲವು ದಿನ ಸೋರುವುದು ಹೆಚ್ಚಾಗುತ್ತದೆ. ಹೆದರಿ ನಿಲ್ಲಿಸಿಬಿಡುತ್ತಾರೆ, ಬಂಡೆ ಅಲ್ಲೇ ಉಳಿಯುತ್ತದೆ. ಆ ದಿನಗಳಲ್ಲಿ ಮನೆಯಲ್ಲೇ ಇರಿ, ಪ್ಯಾಂಟಿನಂತೆ ತೊಡುವ ಡಯಾಪರ್ ಹಾಕಿಕೊಳ್ಳಿ, ಹಾಸಿಗೆಗೆ ನೀರು ಇಳಿಯದ ಹಾಳೆ ಹಾಸಿ. ಹೃದಯದ ಇಲ್ಲವೇ ಕಿಡ್ನಿ ತೊಂದರೆಗೆ ನೀರು ಮಿತಿಗೊಳಿಸಿಲ್ಲದಿದ್ದರೆ ನೀರು ಚೆನ್ನಾಗಿ ಕುಡಿಯಿರಿ. ಖಾಲಿಯಾಗುವ ತನಕ ಇಸಬ್‌ಗೋಲ್ ಬೇಡ. ಅದು ನೀರು ಹೀರಿ ಉಬ್ಬುವ ನಾರು, ದಾರಿ ಕಟ್ಟಿರುವಾಗ ಹಿಂದಿನಿಂದ ಇನ್ನಷ್ಟು ತುಂಬಿದಂತಾಗುತ್ತದೆ. ಖಾಲಿಯಾದ ಮೇಲೆ ಔಷಧಿ ಒಮ್ಮೆಲೇ ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಕಟ್ಟಬಹುದು. ಪ್ರಮಾಣ ಇಳಿಸಿ ಮುಂದುವರಿಸುವುದೇ ರೂಢಿ, ಟ್ರಮಡಾಲ್ ಇರುವಷ್ಟು ದಿನವಂತೂ ಬೇಕೇ ಬೇಕು.

ಇನ್ನು ಹೊತ್ತಿಗೆ ಸರಿಯಾಗಿ ಹೋಗುವ ಅಭ್ಯಾಸ. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಗಿನ ತಿಂಡಿಯ ನಂತರ ಇದು ಹೆಚ್ಚು. ತಿಂಡಿ, ಒಂದು ಲೋಟ ಬಿಸಿ ಪಾನೀಯ ಆಗಿ 20–30 ನಿಮಿಷಕ್ಕೆ ಟಾಯ್ಲೆಟ್‌ನಲ್ಲಿ ಕೂರಿ, ಬರಲಿ ಬಿಡಲಿ. ಕಮೋಡ್ ಆದರೆ ಕಾಲ ಕೆಳಗೆ ಜಾರದ ಪುಟ್ಟ ಸ್ಟೂಲ್ ಇಟ್ಟುಕೊಳ್ಳಿ. ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರಲಿ, ಮುಂದಕ್ಕೆ ಬಾಗಿ ಮೊಣಕೈಯನ್ನು ತೊಡೆಯ ಮೇಲೆ ಊರಿ. ನಿಮ್ಮ ಮಂಡಿ ಅಷ್ಟಕ್ಕೆ ಒಪ್ಪದಿದ್ದರೆ ಎತ್ತರ ಕಡಿಮೆ ಮಾಡಿ, ಹಟ ಬೇಡ. ಉಸಿರು ಕಟ್ಟಿ ತಿಣುಕಬಾರದು, ಉಸಿರು ಬಿಡುತ್ತಾ ಹೊಟ್ಟೆ ಮುಂದಕ್ಕೆ ಉಬ್ಬಲು ಬಿಡಿ. ಹತ್ತು ನಿಮಿಷದೊಳಗೆ ಆಗದಿದ್ದರೆ ಎದ್ದುಬಿಡಿ. ಎರಡು ದಿನವಾದರೂ ಆಗದಿದ್ದರೆ ಗ್ಲಿಸರಿನ್ ಸಪೊಸಿಟರಿ ಬಳಸಬಹುದು. ನೀರಿನಲ್ಲಿ ಅದ್ದಿ ಬೆರಳಿನ ಎರಡು ಗಿಣ್ಣಿನಷ್ಟು ಒಳಗೆ, ಗುದನಾಳದ ಗೋಡೆಗೆ ತಾಗುವಂತೆ ಇಡಬೇಕು. ಮಲದೊಳಗೆ ಚುಚ್ಚಿಟ್ಟರೆ ಅದು ಸರಿಯಾಗಿ ಕೆಲಸ ಮಾಡದಿರಬಹುದು. ಕಾಲು ಗಂಟೆಯಿಂದ ಅರ್ಧ ಗಂಟೆಯಲ್ಲಿ ಪರಿಣಾಮ ಕಾಣುತ್ತದೆ.

ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಹೋದ ಹೊತ್ತು, ಗಟ್ಟಿಯೋ ಮೆತ್ತಗೋ ನೀರೋ, ಅವಸರವಾಗಿತ್ತೋ ಗೊತ್ತೇ ಆಗಲಿಲ್ಲವೋ, ಅದಕ್ಕೆ ಮುಂಚೆ ತಿಂದದ್ದೇನು. ಕಾಫಿ, ಹಾಲು, ಸಕ್ಕರೆಯಿಲ್ಲದ ಸಿಹಿತಿನಿಸುಗಳಲ್ಲಿರುವ ಸಾರ್ಬಿಟಾಲ್ ಕೆಲವರಿಗೆ ಸಡಿಲ ಮಾಡುತ್ತವೆ. ಶುಗರ್ ಇರುವವರು ಆ ಸಿಹಿಯನ್ನೇ ಹೆಚ್ಚು ತಿನ್ನುವುದುಂಟು. ಪುಸ್ತಕದಲ್ಲಿ ಕಂಡದ್ದನ್ನು ಮಾತ್ರ ಬಿಡಿ, ಊರವರು ಹೇಳಿದ್ದನ್ನೆಲ್ಲ ಬಿಡುತ್ತಾ ಹೋದರೆ ತಟ್ಟೆಯಲ್ಲಿ ಏನೂ ಉಳಿಯುವುದಿಲ್ಲ.

ಅವಸರವಾಗಿ ಓಡಿದರೂ ಮುಟ್ಟಲಾಗದ್ದು ಬೇರೆ ಕಥೆ. ಅದರಲ್ಲಿ ಫೋರ್ಸೆಪ್ಸ್ ಹೆರಿಗೆಯ ಪಾಲಿರಬಹುದು. ಆಗ ಹೊರಗಿನ ಬಿಗಿಸ್ನಾಯುವಿಗೆ ಆದ ಪೆಟ್ಟನ್ನು ವಯಸ್ಸಿದ್ದಾಗ ಉಳಿದ ಸ್ನಾಯುಗಳು ತೂಗಿಸಿಕೊಂಡು ಹೋಗುತ್ತವೆ, ಮುಟ್ಟು ನಿಂತು ದಶಕಗಳು ಕಳೆದ ಮೇಲೆ ಅದು ಹೊರಬೀಳುತ್ತದೆ. ಇದಕ್ಕೆ ವ್ಯಾಯಾಮವಿದೆ. ಗಾಳಿ ಬಿಡದೆ ತಡೆಹಿಡಿಯುವಂತೆ ಗುದವನ್ನು ಮೇಲಕ್ಕೆ ಬಿಗಿದು ಐದು ಎಣಿಸಿ, ಬಿಟ್ಟು ಹತ್ತು ಎಣಿಸಿ. ಹೀಗೆ ಹತ್ತು ಸಲ, ಆಮೇಲೆ ಚುರುಕಾಗಿ ಬಿಗಿದು ಬಿಡುವುದು ಹತ್ತು ಸಲ. ದಿನಕ್ಕೆ ಮೂರು ಹೊತ್ತು. ತೊಡೆ, ಪೃಷ್ಠ ಬಿಗಿಯಬಾರದು, ಉಸಿರು ಕಟ್ಟಬಾರದು. ಐದು ಎಣಿಸಲು ಆಗದಿದ್ದರೆ ಎರಡರಿಂದ ಶುರು ಮಾಡಿ. ಫಲ ಕಾಣಲು ಎರಡು ಮೂರು ತಿಂಗಳು ಬೇಕು, ಎರಡು ವಾರಕ್ಕೆ ಬೇಸತ್ತು ಬಿಡಬೇಡಿ.

ಅವಸರ ಬಂದಾಗ ಓಡಬೇಡಿ. ಓಡುವಾಗ ಹೊಟ್ಟೆಯ ಒತ್ತಡ ಹೆಚ್ಚುತ್ತದೆ, ಬಿಗಿ ತಪ್ಪುತ್ತದೆ, ಕಾಲೂ ಜಾರುತ್ತದೆ. ನಿಂತಲ್ಲೇ ನಿಲ್ಲಿ ಅಥವಾ ಗಟ್ಟಿ ಕುರ್ಚಿಯಲ್ಲಿ ಕೂರಿ. ಗುದವನ್ನು ಬಿಗಿದು ನಿಧಾನ ಉಸಿರಾಡಿ. ಅವಸರ ಅಲೆಯಂತೆ ಏರಿ ಇಳಿಯುತ್ತದೆ, ಇಳಿದ ಮೇಲೆ ನಡೆದು ಹೋಗಿ.

ಕಟ್ಟಿದ್ದೆಲ್ಲ ಹೋದ ಮೇಲೂ ಮಲ ತೆಳುವಾಗಿಯೇ ಇದ್ದರೆ ಆಗ ಲೊಪೆರಮೈಡ್‌ಗೂ ಜಾಗವಿದೆ, ಆದರೆ ಡಾಕ್ಟರು ಹೇಳಿದ ಮೇಲೆ, ಅತಿ ಸಣ್ಣ ಪ್ರಮಾಣದಿಂದ, ಊಟಕ್ಕೆ ಅರ್ಧ ಗಂಟೆ ಮೊದಲು. ಒಂದು ಮಾತ್ರೆಯಲ್ಲಿ 2 ಮಿಲಿಗ್ರಾಂ ಇರುತ್ತದೆ, ಅದೇ ಹೆಚ್ಚಾಗುವವರಿದ್ದಾರೆ. ಮಿತಿ ಮೀರಿದರೆ ಹೃದಯದ ಬಡಿತ ತಪ್ಪುವ ಅಪಾಯವಿದೆ.

ಚರ್ಮದ ವಿಷಯ ಹಗುರವಾಗಿ ನೋಡಬೇಡಿ. ತೆಳು ಮಲದಲ್ಲಿ ಜೀರ್ಣರಸ ಉಳಿದಿರುತ್ತದೆ, ಬೇಗನೆ ಸುಡುತ್ತದೆ. ಆದಷ್ಟು ಬೇಗ ಉಗುರುಬೆಚ್ಚಗಿನ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆದು, ಉಜ್ಜದೆ ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ. ಸುವಾಸನೆಯ ಸೋಪು, ಡೆಟ್ಟಾಲ್, ಪೌಡರ್ ಬೇಡ. ಜಿಂಕ್ ಆಕ್ಸೈಡ್ ಕ್ರೀಮು ಅಥವಾ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ. ದಪ್ಪಗೆ ಮೆತ್ತಿದರೆ ಪ್ಯಾಡಿಗೆ ಅಂಟಿ ಅದು ಹೀರುವುದನ್ನೇ ನಿಲ್ಲಿಸುತ್ತದೆ. ಕೆಂಪಾದ ಜಾಗದ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದರೆ ಬೂಸ್ಟು ಸೋಂಕಿರಬಹುದು, ಅದಕ್ಕೆ ಬೇರೆ ಮುಲಾಮು ಬೇಕು. ಮೂತ್ರಕ್ಕೆಂದು ಮಾಡಿದ ತೆಳು ಪ್ಯಾಡು ಮಲಕ್ಕೆ ಸಾಲದು, ಎರಡು ಪ್ಯಾಡು ಒಂದರ ಮೇಲೊಂದು ಇಟ್ಟರೂ ಪ್ರಯೋಜನವಿಲ್ಲ. ಮೇಲಿನದರ ಅಡಿಯಲ್ಲಿ ಪ್ಲಾಸ್ಟಿಕ್ ಪದರವಿರುತ್ತದೆ, ಏನೂ ಕೆಳಗಿಳಿಯುವುದಿಲ್ಲ. ಸ್ವಲ್ಪವೇ ಅಂಟುವ ದಿನಗಳಲ್ಲಿ ಗಾಯಕ್ಕೆ ಕಟ್ಟುವ ತೆಳು ಬಟ್ಟೆಯ (gauze) ಮಡಿಸಿದ ತುಂಡನ್ನು ಪೃಷ್ಠದ ನಡುವೆ ಇಟ್ಟುಕೊಂಡರೆ ಸಾಕು.

ಸೊಸೆಗೆ ಹೇಳಿ. ಟ್ರಮಡಾಲ್ ತಲೆಸುತ್ತು ತರುವ ಮಾತ್ರೆ. ಅದನ್ನು ನುಂಗಿ, ಮಂಡಿನೋವು ಇಟ್ಟುಕೊಂಡು, ರಾತ್ರಿ ಒದ್ದೆ ನೆಲದಲ್ಲಿ ಒಬ್ಬರೇ ಬಟ್ಟೆ ಒಗೆಯುವುದು ಸೊಂಟದ ಮೂಳೆ ಮುರಿದುಕೊಳ್ಳುವ ದಾರಿ. ಎಲ್ಲವನ್ನೂ ಬಿಡಿಸಿ ಹೇಳಬೇಕಿಲ್ಲ. 'ನನಗೆ ಹೀಗೊಂದು ತೊಂದರೆ ಶುರುವಾಗಿದೆ, ಡಾಕ್ಟರಿಗೆ ತೋರಿಸಬೇಕು, ಜೊತೆಗೆ ಬಾರಮ್ಮ' ಎಂದರೆ ಸಾಕು. ಕೇಳುವುದನ್ನು ಸ್ಪಷ್ಟವಾಗಿ ಕೇಳಿ: ನಿಮ್ಮದೇ ಒಂದು ಮುಚ್ಚಳದ ಬಕೆಟ್, ಬಾತ್‌ರೂಮಿನಲ್ಲಿ ಹಿಡಿಕೆ, ರಾತ್ರಿ ದಾರಿಗೊಂದು ಸಣ್ಣ ದೀಪ. ಮಗನಿಗೆ ಹೇಳಬೇಕೋ ಬೇಡವೋ ಎಂಬುದನ್ನು ನೀವೇ ತೀರ್ಮಾನಿಸಿ, ಅದನ್ನೂ ಸೊಸೆಗೆ ತಿಳಿಸಿಬಿಡಿ. ಬಟ್ಟೆಗೆ ಅಂಟಿದ ಗಟ್ಟಿ ಮಲವನ್ನು ಟಾಯ್ಲೆಟ್‌ಗೆ ಜಾಡಿಸಿ, ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪಿನ ಪುಡಿ ಹಾಕಿ ಒಗೆಯಿರಿ. ಮೊದಲೇ ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ತಂಗಿಯ ಮನೆಗೆ ಈ ವಾರ ಬೇಡ, ಪುಡಿಯ ಪ್ರಮಾಣ ಒಂದು ಹದಕ್ಕೆ ಬಂದು ಎರಡು ವಾರ ಕಳೆಯಲಿ. ಅಷ್ಟರಲ್ಲಿ ಪ್ಯಾಡು ಹಾಕಿಕೊಂಡು ಅರ್ಧ ಗಂಟೆ, ಒಂದು ಗಂಟೆ ಹೊರಗೆ ಹೋಗಿ ಬನ್ನಿ. ಹೊರಡುವ ದಿನ ಬೇಗ ಎದ್ದು ತಿಂಡಿ ತಿಂದು, ಬೇಕಾದರೆ ಸಪೊಸಿಟರಿ ಇಟ್ಟುಕೊಂಡು ಹೊಟ್ಟೆ ಖಾಲಿ ಮಾಡಿ, ಅದಾಗಿ ಒಂದು ಗಂಟೆ ಮನೆಯಲ್ಲಿದ್ದು ಬಸ್ಸು ಹತ್ತಿ. ಬಾಗಿಲ ಹತ್ತಿರದ ಸೀಟು, ಗಾಢ ಬಣ್ಣದ ಬಟ್ಟೆ ಇರಲಿ. ಕೈಚೀಲದಲ್ಲಿ ಎರಡು ಡಯಾಪರ್, ಒಂದು ಜೊತೆ ಬಟ್ಟೆ, ಆಲ್ಕೋಹಾಲ್ ಇಲ್ಲದ ಒದ್ದೆ ಟಿಶ್ಯೂ, ಕ್ರೀಮು, ನೀರಿನ ಬಾಟಲು, ಒಳಗಿರುವುದು ಕಾಣದ ಜಿಪ್ ಕವರ್ ಎರಡು ಮೂರು. ಬಸ್ಸು ಎಲ್ಲಿ ನಿಲ್ಲುತ್ತದೆಂದು ಕಂಡಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ, ನಿಂತಾಗ ಅವಸರ ಇರಲಿ ಬಿಡಲಿ ಒಮ್ಮೆ ಹೋಗಿ ಬನ್ನಿ.

ಮೂರು ತಿಂಗಳು ಇಷ್ಟನ್ನೂ ಮಾಡಿ ಹೆಚ್ಚು ಬದಲಾವಣೆ ಕಾಣದಿದ್ದರೆ ಹೊಟ್ಟೆ–ಕರುಳಿನ ತಜ್ಞರನ್ನು ನೋಡಿ. ಬಿಗಿಸ್ನಾಯುವಿನ ಒತ್ತಡ ಅಳೆಯುವ ಮ್ಯಾನೊಮೆಟ್ರಿ, ಸ್ನಾಯು ಹಿಂದೆ ಹರಿದದ್ದು ಎಲ್ಲಿ ಎಂದು ತೋರಿಸುವ ಗುದದ ಅಲ್ಟ್ರಾಸೌಂಡ್ ಇವೆ. ಸ್ನಾಯು ಎಷ್ಟು ಬಿಗಿಯುತ್ತಿದೆ ಎಂದು ಯಂತ್ರದಲ್ಲಿ ನೋಡಿಕೊಂಡು ಕಲಿಯುವ ಬಯೋಫೀಡ್‌ಬ್ಯಾಕ್ ತರಬೇತಿ, ನೀರಿನಿಂದ ಗುದನಾಳ ತೊಳೆದುಕೊಳ್ಳುವ ವಿಧಾನ, ಬೆನ್ನಿನ ಕೆಳಗಿನ ನರಕ್ಕೆ ಸಣ್ಣ ವಿದ್ಯುತ್ ಕೊಡುವ ಸಾಧನ, ಇವೆಲ್ಲ ಆ ಹಂತದಲ್ಲಿ ಮಾತಿಗೆ ಬರುತ್ತವೆ. ಹೋಗುವಾಗ ಆ ಪುಸ್ತಕ ಮತ್ತು ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ.