ಎಂಟು ತಿಂಗಳ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂರಬಹುದೇ?

ಬೇಡ, ದಯವಿಟ್ಟು ಹಾಗೆ ಕೂರಿಸಬೇಡಿ. ಮುಂದಿನ ತಿಂಗಳು ಬೆಂಗಳೂರಿನಿಂದ ಶಿರಾಡಿ ಘಾಟಿಯ ಮೂಲಕ ಪುತ್ತೂರಿಗೆ ಹೊರಡುವವರಿದ್ದೀರಿ. ಎಂಟು ಕಿಲೋ ತೂಕದ ಮಗುವನ್ನು ಎತ್ತಿಕೊಂಡು ನಿಮ್ಮ ಪತ್ನಿ ಮುಂದೆ ಕೂರುತ್ತಾರೆ, ಐದು ವರ್ಷದ ಮಗ ಮತ್ತು ನಿಮ್ಮ ತಾಯಿ ಹಿಂದೆ ಇರುತ್ತಾರೆ, ಹೊಸ ಕಾರಿನಲ್ಲಿ ಆರು ಏರ್‌ಬ್ಯಾಗ್‌ಗಳಿರುವಾಗ ಬೇಬಿ ಸೀಟಿನ ಖರ್ಚು ಅಗತ್ಯವೇ ಎಂದು ಕೇಳಿದ್ದೀರಿ. ಆ ಆರರಲ್ಲಿ ಮಡಿಲ ಮಗುವನ್ನು ಲೆಕ್ಕಕ್ಕೆ ತೆಗೆದುಕೊಂಡು ರೂಪಿಸಿದ್ದು ಒಂದೂ ಇಲ್ಲ. ಮುಂದಿನ ಸೀಟಿನ ಎದುರಿಗಿರುವ ಏರ್‌ಬ್ಯಾಗಂತೂ ಅಲ್ಲಿರುವ ಹಸುಗೂಸಿಗೆ ನೇರವಾದ ಅಪಾಯ.

ನನ್ನ ಮೊದಲ ಮಗಳಿಗೆ ವರ್ಷ ತುಂಬುವ ಮುನ್ನ ನಾನೂ ಹೀಗೆಯೇ ಅವಳನ್ನು ಎತ್ತಿಕೊಂಡು ಮುಂದೆ ಕೂರುತ್ತಿದ್ದೆ. ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ಚನ್ನರಾಯಪಟ್ಟಣದ ಹತ್ತಿರ ನಾಯಿಯೊಂದು ಅಡ್ಡ ಬಂದು ನನ್ನ ಪತಿ ಜೋರಾಗಿ ಬ್ರೇಕ್ ಹಾಕಿದಾಗ, ಎರಡೂ ಕೈಗಳಿಂದ ಹಿಡಿದಿದ್ದ ಮಗು ಜಾರಿ ಡ್ಯಾಶ್‌ಬೋರ್ಡಿಗೆ ಬಡಿಯಿತು. ಹಣೆ ಊದಿಕೊಂಡಿತು, ಅಷ್ಟಕ್ಕೇ ನಿಂತಿತು. ಕಾರು ಯಾವುದಕ್ಕೂ ಡಿಕ್ಕಿ ಹೊಡೆದಿರಲಿಲ್ಲ ಎಂಬುದನ್ನು ಗಮನಿಸಿ. ಎಷ್ಟೇ ಜೋರಾಗಿ ಬ್ರೇಕ್ ಹಾಕಿದರೂ ಮಗುವನ್ನು ಮುಂದಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ ಅದರ ತೂಕದಷ್ಟೇ ಇರುತ್ತದೆ. ಅಷ್ಟನ್ನೇ ತಡೆಯಲು ನನ್ನ ಕೈಗಳಿಂದ ಆಗಲಿಲ್ಲ.

ಅಪಘಾತದ ಲೆಕ್ಕವೇ ಬೇರೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಗಟ್ಟಿಯಾದ ವಸ್ತುವಿಗೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತುಬಿಟ್ಟರೆ, ಒಳಗಿರುವ ಪ್ರತಿಯೊಬ್ಬರ ಮೇಲೂ ತಮ್ಮ ತೂಕದ ಸುಮಾರು 14 ಪಟ್ಟು ಬಲ ಬೀಳುತ್ತದೆ. ನಿಮ್ಮ ಎಂಟು ಕಿಲೋ ಮಗು ಆ ಕ್ಷಣದಲ್ಲಿ 110 ಕಿಲೋಗೂ ಹೆಚ್ಚು ಭಾರವಾಗಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸಬಲ್ಲ ತಾಯಿಯಾಗಲಿ ಪೈಲ್ವಾನನಾಗಲಿ ಇಲ್ಲ. ಹಾಗಾದರೆ ತಾಯಿ-ಮಗು ಇಬ್ಬರನ್ನೂ ಸೇರಿಸಿ ಒಂದೇ ಬೆಲ್ಟ್ ಹಾಕಿದರಾಯಿತಲ್ಲ ಎಂದು ಕೆಲವರು ಹೇಳುತ್ತಾರೆ. ಅದು ಇನ್ನೂ ಕೆಟ್ಟದ್ದು, ಏಕೆಂದರೆ ಮುಂದಕ್ಕೆ ನುಗ್ಗುವ ತಾಯಿಯ ದೇಹಕ್ಕೂ ಬೆಲ್ಟಿಗೂ ನಡುವೆ ಮಗು ಜಜ್ಜಿಹೋಗುತ್ತದೆ. ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್‌ಗೂ ಇದೇ ಮಾತು ಅನ್ವಯಿಸುತ್ತದೆ.

ಏರ್‌ಬ್ಯಾಗ್ ಮೆತ್ತನೆಯ ದಿಂಬಿನಂತೆ ನಿಧಾನವಾಗಿ ಅರಳುವುದಿಲ್ಲ. ಡಿಕ್ಕಿಯ ಸುಳಿವು ಸಿಕ್ಕೊಡನೆ ಸುಮಾರು 30ರಿಂದ 40 ಮಿಲಿಸೆಕೆಂಡಿನಲ್ಲಿ, ಗಂಟೆಗೆ 200 ಕಿ.ಮೀ.ಗೂ ಮೀರಿದ ವೇಗದಲ್ಲಿ ಹೊರಗೆ ಸಿಡಿದು, ಮರುಕ್ಷಣವೇ ಗಾಳಿ ಬಿಟ್ಟುಕೊಳ್ಳಲು ಆರಂಭಿಸುತ್ತದೆ. ಬೆಲ್ಟ್ ಹಾಕಿಕೊಂಡ ವಯಸ್ಕರು ಅದು ಪೂರ್ತಿ ಉಬ್ಬಿದ ಮೇಲೆ ಅದಕ್ಕೆ ಒರಗುತ್ತಾರೆ ಎಂಬ ಲೆಕ್ಕದಲ್ಲಿ ಅದನ್ನು ಮಾಡಲಾಗಿದೆ. ಬೆಲ್ಟ್ ಇಲ್ಲದವರು ಅದು ಉಬ್ಬುತ್ತಿರುವಾಗಲೇ ಅದರ ಮೇಲೆ ಹೋಗಿ ಬೀಳುತ್ತಾರೆ, ಮಡಿಲ ಮಗುವಾದರೋ ಮೊದಲೇ ಅದರ ಬಾಯಿಗೆ ಎದುರಾಗಿ ಕೂತಿರುತ್ತದೆ. ಕಾರಿನಲ್ಲಿ ಮೊದಲ ರಕ್ಷಣೆ ಬೆಲ್ಟ್, ಏರ್‌ಬ್ಯಾಗ್ ಅದಕ್ಕೆ ಪೂರಕ ಮಾತ್ರ. ಚಾಲನೆ ಮಾಡುವ ನೀವೂ ಸ್ಟೀರಿಂಗಿನ ನಡುಭಾಗಕ್ಕೂ ನಿಮ್ಮ ಎದೆಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರ ಇಟ್ಟುಕೊಳ್ಳಿ.

ಮಗುವಿಗೆ ಬೇಕಾದದ್ದು ಹಿಂಬದಿ ಸೀಟಿನಲ್ಲಿ, ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರಿಸುವ ಬೇಬಿ ಸೀಟ್. ಹಸುಗೂಸಿನ ದೇಹಕ್ಕೆ ಹೋಲಿಸಿದರೆ ತಲೆ ಬಹಳ ದೊಡ್ಡದು, ಭಾರವಾದದ್ದು. ಕುತ್ತಿಗೆಯ ಮೂಳೆಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಬೆಲ್ಟುಗಳು ಮೈಯನ್ನು ಹಿಡಿದಿಟ್ಟರೂ ತಲೆ ಮುಂದಕ್ಕೆ ಎಸೆಯಲ್ಪಟ್ಟು, ಆ ಸೆಳೆತವೆಲ್ಲ ಎಳೆಯ ಕುತ್ತಿಗೆಯ ಮೇಲೆ ಬೀಳುತ್ತದೆ. ಹಿಂದಕ್ಕೆ ಮುಖ ಮಾಡಿದ್ದರೆ ತಲೆ, ಕುತ್ತಿಗೆ, ಬೆನ್ನು ಮೂರನ್ನೂ ಸೀಟಿನ ಬೆನ್ನು ಒಟ್ಟಾಗಿ ಹೊರುತ್ತದೆ. ಮಕ್ಕಳ ಸೀಟಿಗೆಂದು ಇರುವ ಯುರೋಪಿನ ಆರ್129 ಮಾನದಂಡ 15 ತಿಂಗಳು ತುಂಬುವವರೆಗೆ ಇದನ್ನು ಕಡ್ಡಾಯ ಮಾಡಿದೆ. ಸೀಟಿನ ಅಳತೆ ಒಪ್ಪುವವರೆಗೆ, ಎರಡು ವರ್ಷ ದಾಟಿದರೂ, ಹಾಗೆಯೇ ಮುಂದುವರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಾಲು ಮಡಚಿಕೊಂಡಿದ್ದರೆ ಮಗುವಿಗೇನೂ ತೊಂದರೆಯಿಲ್ಲ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಮಾತ್ರ ಇಂತಹ ಸೀಟನ್ನು ಎಂದೂ ಇಡಬೇಡಿ. ಬಿಸಿಲು ಮರೆಯ ಮೇಲೆ ಅಂಟಿಸಿರುವ ಚಿತ್ರ ಹೇಳುವುದು ಅದನ್ನೇ.

ಕೊಳ್ಳುವಾಗ ಭಾರತದ ಎಐಎಸ್ 072, ಯುರೋಪಿನ ಇಸಿಇ ಆರ್44 ಅಥವಾ ಆರ್129 ಎಂಬ ಸುರಕ್ಷತಾ ಮಾನದಂಡದ ಗುರುತಿನ ಚೀಟಿ ಸೀಟಿನ ಮೇಲಿದೆಯೇ ನೋಡಿ. ಅಪಘಾತಕ್ಕೆ ಸಿಕ್ಕ ಸೀಟು ಕಣ್ಣಿಗೆ ಸರಿಯಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದಾದ್ದರಿಂದ, ಹಿನ್ನೆಲೆ ತಿಳಿಯದ ಹಳೆಯ ಸೀಟನ್ನು ಕೊಳ್ಳಬೇಡಿ. ನಿಮ್ಮ ಕಾರಿನ ಹಿಂಬದಿ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಯಲ್ಲಿ ಐಸೋಫಿಕ್ಸ್‌ನ (ಮಕ್ಕಳ ಸೀಟನ್ನು ಬೆಲ್ಟಿಲ್ಲದೆ ನೇರವಾಗಿ ಕಾರಿಗೆ ಸಿಕ್ಕಿಸುವ ವ್ಯವಸ್ಥೆ) ಕಬ್ಬಿಣದ ಕೊಂಡಿಗಳಿರಬೇಕು; ಅದಕ್ಕೆ ಹೊಂದುವ ಸೀಟು ತಂದರೆ ಜೋಡಣೆಯಲ್ಲಿ ತಪ್ಪಾಗುವುದು ಕಡಿಮೆ. ಬೆಲ್ಟಿನಿಂದ ಕಟ್ಟುವ ಸೀಟಾದರೆ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಾಡಿಸಿ, ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಸರಿದರೆ ಬಿಚ್ಚಿ ಮತ್ತೆ ಕಟ್ಟಿ. ಹಿಮ್ಮುಖ ಸೀಟಿನಲ್ಲಿ ಮಗುವಿನ ಹೆಗಲ ಪಟ್ಟಿಗಳು ಹೆಗಲಿನ ಮಟ್ಟದಿಂದ ಅಥವಾ ಸ್ವಲ್ಪ ಕೆಳಗಿನಿಂದ ಹೊರಬರಬೇಕು, ಹೆಗಲ ಹತ್ತಿರ ಚಿವುಟಿದರೆ ಪಟ್ಟಿಯ ಮಡಿಕೆ ಬೆರಳಿಗೆ ಸಿಗಬಾರದು. ಸಕಲೇಶಪುರದ ಚಳಿಗೆಂದು ಪಟ್ಟಿಯ ಒಳಗೆ ದಪ್ಪ ಸ್ವೆಟರ್ ತೊಡಿಸಬೇಡಿ. ಅದು ಅಮುಕಿಕೊಂಡಾಗ ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಬಿಗಿದ ಮೇಲೆ ಶಾಲು ಹೊದಿಸಿದರೆ ಸಾಕು.

ಐದು ವರ್ಷದ ಮಗನನ್ನು ಎರಡು ಸೀಟುಗಳ ಸಂದಿಯಲ್ಲಿ ನಿಲ್ಲಲು ಬಿಡಬೇಡಿ. ಕಾರಿನ ಬೆಲ್ಟ್ ಮೂಳೆಗಳ ಮೇಲೆ ಕೂತಾಗಲಷ್ಟೇ ಕಾಪಾಡುತ್ತದೆ: ಕೆಳಪಟ್ಟಿ ಸೊಂಟದ ಮೂಳೆಯ ಮೇಲೆ, ಅಡ್ಡಪಟ್ಟಿ ಕುತ್ತಿಗೆಯನ್ನು ತಾಕದೆ ಹೆಗಲು ಮತ್ತು ಎದೆಯ ಮೇಲೆ. ಐದು ವರ್ಷದವರಲ್ಲಿ ಅದು ಹೊಟ್ಟೆಯ ಮೇಲೂ ಕುತ್ತಿಗೆಯ ಮೇಲೂ ಬರುವುದರಿಂದ ಒಳಗಿನ ಅಂಗಗಳಿಗೇ ಪೆಟ್ಟಾಗಬಹುದು. ಅವನನ್ನು ಎತ್ತರಿಸಿ ಕೂರಿಸಿ ಬೆಲ್ಟ್ ಸರಿಯಾದ ಜಾಗಕ್ಕೆ ಬರುವಂತೆ ಮಾಡುವ, ಅವನ ತೂಕಕ್ಕೆ ಹೊಂದುವ, ಬೆನ್ನಿರುವ ಬೂಸ್ಟರ್ ಸೀಟ್ ತನ್ನಿ. ಎತ್ತರ ಸುಮಾರು 145 ಸೆಂಟಿಮೀಟರ್ ಆಗುವವರೆಗೆ ಅದು ಬೇಕಾಗುತ್ತದೆ. ಹಿಂದೆ ಮಕ್ಕಳ ಎರಡು ಸೀಟುಗಳ ನಡುವೆ ಕೂರುವ ನಿಮ್ಮ ಪತ್ನಿಗೆ ಇಕ್ಕಟ್ಟಾಗಬಹುದು, ಆದರೆ ಮಕ್ಕಳಿಬ್ಬರೂ ಅವರ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತಾರೆ. ಮಗುವಿನ ಸೀಟು ಎಡಗಡೆ ಇರಲಿ, ಇಳಿಸುವಾಗ ವಾಹನಗಳ ಕಡೆಗೆ ಬಾಗಿಲು ತೆರೆಯಬೇಕಾಗುವುದಿಲ್ಲ. ಅದರ ಮುಂದಿನ ಸೀಟಿನಲ್ಲಿ ತಾಯಿಯವರನ್ನು ಕೂರಿಸಿ.

ತಾಯಿಯವರು ಮುಂದೆ ಕೂತರೂ ಹಿಂದೆ ಕೂತರೂ ಬೆಲ್ಟ್ ಹಾಕಲೇಬೇಕು. ಹಿಂದೆ ಕೂತವರಿಗೆ ಬೆಲ್ಟ್ ಬೇಡ ಎಂಬುದು ನಮ್ಮಲ್ಲಿ ಬೇರೂರಿರುವ ತಪ್ಪು ತಿಳಿವಳಿಕೆ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದು ಏರ್‌ಬ್ಯಾಗ್‌ಗಳಿದ್ದ ಬೆಲೆಬಾಳುವ ಕಾರಿನ ಹಿಂಬದಿ ಸೀಟಿನಲ್ಲಿ, ಬೆಲ್ಟ್ ಹಾಕಿರದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ ಆ ವರ್ಷ ಬೆಲ್ಟ್ ಧರಿಸದೆ ದೇಶದಲ್ಲಿ ಸತ್ತವರು 16,715 ಮಂದಿ, ಅವರಲ್ಲಿ 8,331 ಮಂದಿ ಚಾಲಕರಲ್ಲ, ಪ್ರಯಾಣಿಕರು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡವಿದೆ. ಆದರೆ ಇದನ್ನು ದಂಡದ ಭಯಕ್ಕಾಗಿ ಮಾಡಬೇಕಾದ್ದಲ್ಲ.

ಹೊಸ ಕಾರೆಂದು ಬರೆದಿದ್ದೀರಿ, ಆದ್ದರಿಂದ ಇನ್ನೊಂದು ಮಾತು. ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ಎಂದು ಬರೆದಿರುವ ಮುಚ್ಚಳದ ಮೇಲೆ ಗಣಪತಿಯ ವಿಗ್ರಹವನ್ನೋ ಸುಗಂಧದ ಬಾಟಲಿಯನ್ನೋ ಅಂಟಿಸಬೇಡಿ, ಏರ್‌ಬ್ಯಾಗ್ ಸಿಡಿದಾಗ ಅದು ಕಲ್ಲಿನಂತೆ ಮುಖಕ್ಕೆ ಬರುತ್ತದೆ. ದೇವರಿಗೆ ಮುಚ್ಚಳದಿಂದ ದೂರದಲ್ಲಿ ಜಾಗ ಮಾಡಿಕೊಡಿ. ಸೀಟಿನ ಪಕ್ಕದಿಂದ ಏರ್‌ಬ್ಯಾಗ್ ಹೊರಬರುವ ಕಾರಿಗೆ, ಆ ಜಾಗವನ್ನು ಪೂರ್ತಿ ಮುಚ್ಚುವ ಸೀಟ್ ಕವರ್ ಹಾಕಿಸಬಾರದು.

ಮಗು ಅಳುತ್ತದೆ ಎಂಬುದು ನಿಮ್ಮ ಕೊನೆಯ ಆತಂಕ. ಅದು ನಿಜವಾದ ಕಷ್ಟವೇ. ನಮ್ಮ ಎರಡನೆಯ ಮಗುವಿಗೆ ನಾವು ಸೀಟನ್ನು ಹದಿನೈದು ದಿನ ಮುಂಚೆಯೇ ತಂದು ನಡುಮನೆಯಲ್ಲಿಟ್ಟು, ಅದರಲ್ಲೇ ಕೂರಿಸಿ ಆಟವಾಡಿಸಿ, ಆಮೇಲೆ ಬಡಾವಣೆಯೊಳಗೆ ಹತ್ತು ನಿಮಿಷದ ಸುತ್ತು ಹಾಕಿ ರೂಢಿ ಮಾಡಿಸಿದೆವು. ಬೆಳ್ಳೂರು ಕ್ರಾಸ್, ಹಾಸನ, ಸಕಲೇಶಪುರ ಹೀಗೆ ಒಂದೂವರೆ-ಎರಡು ಗಂಟೆಗೊಮ್ಮೆ ನಿಲ್ಲಿಸಿ. ಹಾಲೂಡಿಸುವುದು, ಡಯಾಪರ್ ಬದಲಿಸುವುದು, ಎತ್ತಿಕೊಂಡು ಓಡಾಡುವುದು ಎಲ್ಲವೂ ಕಾರು ನಿಂತಾಗ ಆಗಲಿ. ಘಾಟಿಯ ತಿರುವುಗಳಲ್ಲಿ ಎಷ್ಟೇ ಅತ್ತರೂ ಕಾರು ಓಡುತ್ತಿರುವಾಗ ಪಟ್ಟಿ ಬಿಚ್ಚಬೇಡಿ, ಜಾಗ ನೋಡಿ ನಿಲ್ಲಿಸಿ ಎತ್ತಿಕೊಳ್ಳಿ.