ಸ್ಕಾಟ್ಲೆಂಡಿನವರೂ ನಮ್ಮ ಹಾಗೆ ಇಂಗ್ಲಿಷರ ಕೈಕೆಳಗೆ ನರಳಿದವರು ಅಲ್ವಾ? ಓದೋಕೆ ಎಡಿನ್‌ಬರೋ ಒಳ್ಳೆಯದಾ, ಗ್ಲಾಸ್ಗೋನಾ?

ಊರಿನ ವಿಷಯ ಆಮೇಲೆ ನೋಡೋಣ. ಮೊದಲು ಆ "ನಮ್ಮ ಹಾಗೆ" ಅನ್ನೋದನ್ನು ತಲೆಯಿಂದ ತೆಗೆಯಿರಿ. ಅದನ್ನು ನಂಬಿಕೊಂಡು ನಾನು ಇಡೀ ಡಿಸರ್ಟೇಷನ್ ಬರೆದಿದ್ದೆ.

ನಾನು ಶ್ರೀರಂಗಪಟ್ಟಣದವನು. ಹಳೇ ಕೋಟೆ, ಸ್ಮಾರಕಗಳನ್ನು ನೋಡಿಕೊಳ್ಳುವ ಬಗ್ಗೆ ಓದಲು ಗ್ಲಾಸ್ಗೋಗೆ ಹೋಗಿದ್ದೆ. ಹೋದ ಹೊಸದರಲ್ಲೇ ಮನೆ ಓನರ್ ಅಜ್ಜಿಗೆ "ನಿಮ್ಮ ಇಂಗ್ಲಿಷರ ಟೀ ತುಂಬ ಸಪ್ಪೆ" ಅಂದು ಬೈಸಿಕೊಂಡೆ. ಅದು ಹೊರಗಿನಿಂದ ಬಂದವರೆಲ್ಲ ಮಾಡುವ ತಪ್ಪು. ಬೈದು, ನಕ್ಕು, ಮರೆತುಬಿಡ್ತಾರೆ. ನನಗೆ ಪೆಟ್ಟು ಬಿದ್ದಿದ್ದು ಆಮೇಲೆ, ನಾನು ಪೂರ್ತಿ ಇನ್ನೊಂದು ಕಡೆಗೆ ವಾಲಿದಾಗ.

ಅದು 2014. ಸ್ಕಾಟ್ಲೆಂಡ್ ಬೇರೆ ದೇಶ ಆಗಬೇಕಾ ಅಂತ ಸೆಪ್ಟೆಂಬರ್ 18ಕ್ಕೆ ಜನಮತಗಣನೆ. ನಮ್ಮ ಬೀದಿಯ ಕಿಟಕಿಗಳಲ್ಲೆಲ್ಲ 'ಯೆಸ್' ಅಂತ ನೀಲಿ ಪೋಸ್ಟರ್. ಬ್ಯಾನಕ್‌ಬರ್ನ್ ಯುದ್ಧಕ್ಕೆ 700 ವರ್ಷ ತುಂಬಿದ್ದೂ ಅದೇ ವರ್ಷ. 1314ರಲ್ಲಿ ರಾಬರ್ಟ್ ಬ್ರೂಸ್ ಇಂಗ್ಲೆಂಡಿನ ಎರಡನೇ ಎಡ್ವರ್ಡನ ದಂಡನ್ನು ಅಲ್ಲಿಂದಲೇ ಓಡಿಸಿದ್ದು. ನನ್ನ ರೂಮ್‌ಮೇಟ್ ಪಕ್ಕಾ ಯೆಸ್ ಹುಡುಗ. ಅವನ ಜೊತೆ ಓಡಾಡಿ ನನಗೂ ಬಿಸಿ ಏರಿತ್ತು. 1947ನ್ನು ಕಣ್ಣಾರೆ ನೋಡ್ತಿದ್ದೀನಿ ಅನ್ನಿಸಿಬಿಟ್ಟಿತ್ತು. ಡಿಸರ್ಟೇಷನ್‌ಗೆ ವಿಷಯವೂ ಸಿಕ್ಕಿತು: ಬ್ಯಾನಕ್‌ಬರ್ನ್ ಮತ್ತು ಶ್ರೀರಂಗಪಟ್ಟಣ. ಇಂಗ್ಲಿಷರ ಮೇಲೆ ಒಂದು ಕಡೆ ಗೆದ್ದರು, ಇನ್ನೊಂದು ಕಡೆ ಸೋತರು. ಎರಡೂ ಕಡೆ ಬರುವ ಪ್ರವಾಸಿಗರಿಗೆ ಆ ಕಥೆಯನ್ನು ಹೇಗೆ ಹೇಳ್ತಾರೆ ಅನ್ನೋದು ನನ್ನ ಹುಡುಕಾಟ.

ನನ್ನ ತಪ್ಪು ಏನು ಅಂತ ಸರಿಯಾಗಿ ಹೇಳಿಬಿಡ್ತೀನಿ. ಓದದೇ ಬರೆದೆ ಅಂದುಕೊಳ್ಳಬೇಡಿ, ಜಾಸ್ತಿಯೇ ಓದಿದ್ದೆ. ಇಂಗ್ಲೆಂಡಿನ ವಿರುದ್ಧ ಕಾದಾಡಿದ ವಿಲಿಯಂ ವ್ಯಾಲೇಸ್, ಬ್ರೂಸ್, ಗದ್ದುಗೆಗಾಗಿ ಎದ್ದ ಬಂಡಾಯ ಸೋತುಹೋದ 1746ರ ಕಲೋಡನ್ ಯುದ್ಧ, ಆಮೇಲೆ ಹೈಲ್ಯಾಂಡಿನ, ಅಂದರೆ ಉತ್ತರದ ಗುಡ್ಡಗಾಡಿನ, ಗಂಡಸರು ಟಾರ್ಟನ್ ಅನ್ನೋ ಚೌಕಳಿ ಬಟ್ಟೆ ಉಡಬಾರದು ಅಂತ ತಂದ ಕಾಯ್ದೆ, ಕುರಿ ಸಾಕೋಕೆ ಒಕ್ಕಲುಗಳನ್ನೇ ಎತ್ತಂಗಡಿ ಮಾಡಿದ್ದು, ಎಲ್ಲಾ ಗೊತ್ತಿತ್ತು. ಆದರೆ ಓದಿದ್ದೆಲ್ಲ ಸ್ಕಾಟ್ಲೆಂಡಿನ ಒಳಗಿನ ಕಥೆ. ಅಲ್ಲಿಂದ ಹೊರಟವರು ಎಲ್ಲಿಗೆ ಹೋದರು, ಏನು ಮಾಡಿದರು ಅಂತ ನೋಡಲೇ ಇಲ್ಲ. ನಮ್ಮೂರಿನ ಭಾಗವನ್ನಂತೂ ಪುಸ್ತಕ ತೆಗೆಯದೇ ಬರೆದೆ. ನಮ್ಮೂರು, ನನಗೆ ಗೊತ್ತಿಲ್ವಾ ಅನ್ನೋ ಕೊಬ್ಬು. ಶಾಲೆಯ ಪಾಠದಲ್ಲಿ ಬಂದವರೆಲ್ಲ ಆಂಗ್ಲರೇ ತಾನೆ, ನಾನೂ ಹಾಗೇ ಇಳಿಸಿದೆ. ಗೈಡ್‌ಗೆ ಒಂದೊಂದೇ ಅಧ್ಯಾಯ ತೋರಿಸೋ ಬದಲು ಕೊನೇ ಗಳಿಗೆಯಲ್ಲಿ ಪೂರ್ತಿ ಕಟ್ಟು ಕೊಟ್ಟೆ.

ನನ್ನ ಗೈಡ್ ಸ್ಕಾಟ್ಲೆಂಡಿನದೇ ಲೂಯಿಸ್ ದ್ವೀಪದವರು. ಓದಿ ಕರೆಸಿದರು. "ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಂಡನ್ನು ನಡೆಸಿದ್ದು ಯಾರು?" ಅಂತ ಕೇಳಿದರು. ವೆಲ್ಲೆಸ್ಲಿ ಅಂದೆ. ಅವರು ಕಂಪ್ಯೂಟರ್ ತಿರುಗಿಸಿ ಒಂದು ಚಿತ್ರ ತೋರಿಸಿದರು. ಡೇವಿಡ್ ವಿಲ್ಕಿ 1839ರಲ್ಲಿ ಮುಗಿಸಿದ ಚಿತ್ರ. ಟಿಪ್ಪುವಿನ ಹೆಣ ಕೆಳಗೆ ಬಿದ್ದಿದೆ, ಮೇಲೆ ಒಬ್ಬ ಸೇನಾಧಿಕಾರಿ ನಿಂತಿದ್ದಾನೆ. ಅವನು ಡೇವಿಡ್ ಬೇರ್ಡ್. ಸ್ಕಾಟ್ಲೆಂಡಿನವನು. ಬರೆದ ವಿಲ್ಕಿಯೂ ಅಲ್ಲಿನವನೇ. 1799ರ ಮೇ 4ರಂದು ಬೇರ್ಡ್ ಜೊತೆ ನುಗ್ಗಿದವರಲ್ಲಿ ಹೈಲ್ಯಾಂಡ್ ಪಡೆಗಳೂ ಇದ್ದವು.

ನಾಚಿಕೆ ಆಗಿದ್ದು ಅದಕ್ಕಿಂತ ಬೇರೆಯದಕ್ಕೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಹಿಡಿದ ಕರ್ನಲ್ ಬೇಲಿ ಕೂಡ ಸ್ಕಾಟಿಷನೇ. ಅವನು ನಮ್ಮೂರಿನ ಸೆರೆಯಲ್ಲೇ ಸತ್ತ. ಬೇರ್ಡ್ ಕೂಡ ಅದೇ ಯುದ್ಧದಲ್ಲಿ ಸಿಕ್ಕಿಬಿದ್ದು, ಮೂರು ವರ್ಷದ ಮೇಲೆ ಶ್ರೀರಂಗಪಟ್ಟಣದಲ್ಲಿ ಸಂಕೋಲೆ ಹಾಕಿಸಿಕೊಂಡು ಕೊಳೆತವನು. ಮಗನ ಸಿಟ್ಟು ಗೊತ್ತಿದ್ದ ಅವನ ತಾಯಿ, "ಅವನ ಜೊತೆ ಸರಪಳಿಗೆ ಬಿದ್ದವನ ಗತಿ ಏನೋ" ಅಂದಳಂತೆ. ಬೇಲಿಯ ಹೆಸರಿನ ಸೆರೆಮನೆ ಹತ್ತಿರ ನಾವು ಕ್ರಿಕೆಟ್ ಆಡ್ತಿದ್ವಿ. ದರಿಯಾ ದೌಲತ್ ಗೋಡೆ ಮೇಲೆ ಪಲ್ಲಕ್ಕಿಯಲ್ಲಿ ಕೂತ ಬೇಲಿಯನ್ನು ನೆಂಟರು ಬಂದಾಗಲೆಲ್ಲ ತೋರಿಸಿದ್ದೆ. ಎಲ್ಲಿಯವನು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಆಮೇಲೆ ಹುಡುಕಿದರೆ ಸಾಲುಸಾಲು. ಮೈಸೂರು ಸೀಮೆಯನ್ನು ಅಳೆದು, ಊರೂರಿನ ಶಾಸನ, ಕೈಫಿಯತ್ತು (ಊರಿನ ಚರಿತ್ರೆ ಬರೆದಿಟ್ಟ ಕಡತ) ಕೂಡಿಹಾಕಿದ ಕಾಲಿನ್ ಮೆಕೆಂಜಿ ನನ್ನ ಗೈಡ್ ಅವರ ದ್ವೀಪದವನೇ. ಟಿಪ್ಪು ಬಿದ್ದ ಮೇಲೆ ಕೆನರಾದ ಕಂದಾಯ ನಿಗದಿ ಮಾಡಿದ ಥಾಮಸ್ ಮನ್ರೋ ಗ್ಲಾಸ್ಗೋದವನು. 1800ರಲ್ಲಿ ನಮ್ಮ ಹೊಲ, ಬೆಳೆ, ಮಗ್ಗಗಳನ್ನೆಲ್ಲ ಬರೆದುಕೊಂಡು ಹೋದ ಬುಕಾನನ್ ಸಹ ಸ್ಕಾಟಿಷನು. ಲಂಡನ್ನಿನಲ್ಲಿ ಕೂತು ಈಸ್ಟ್ ಇಂಡಿಯಾ ಕಂಪನಿ ಮೇಲೆ ಹಿಡಿತ ಇಟ್ಟಿದ್ದ ಹೆನ್ರಿ ಡಂಡಾಸ್ ಎಡಿನ್‌ಬರೋದವನು. ತನ್ನ ಕಡೆಯ ಹುಡುಗರನ್ನೇ ಇಂಡಿಯಾಗೆ ತುಂಬ್ತಾನೆ ಅಂತ ಅವನ ಮೇಲೆ ಆಗಲೇ ದೂರಿತ್ತು.

ಹಾಗಾದರೆ ಇಂಗ್ಲೆಂಡ್ ಅವರನ್ನು ಗೆದ್ದಿದ್ದು ಯಾವಾಗ? ಒಂದಾಗಿದ್ದು ಯುದ್ಧದಲ್ಲಿ ಸೋತು ಅಲ್ಲ. 1603ರಲ್ಲಿ ಮಕ್ಕಳಿಲ್ಲದ ಎಲಿಜಬೆತ್ ತೀರಿಕೊಂಡಾಗ ಸ್ಕಾಟ್ಲೆಂಡಿನ ರಾಜ ಜೇಮ್ಸನೇ ಲಂಡನ್ನಿಗೆ ಹೋಗಿ ಅಲ್ಲಿಯ ಗದ್ದುಗೆ ಏರಿದ. ಸಂಸತ್ತು ಒಂದಾಗಿದ್ದು 1707ರಲ್ಲಿ. ಅದಕ್ಕೆ ಮೊದಲು ಪನಾಮಾ ಕಡೆ ಡೇರಿಯನ್‌ನಲ್ಲಿ ತಮ್ಮದೇ ವಸಾಹತು ಕಟ್ಟೋಕೆ ಹೋಗಿ ಸ್ಕಾಟಿಷರು ಕೈ ಸುಟ್ಟುಕೊಂಡಿದ್ದರು. ಒಂದಾಗುವ ಒಪ್ಪಂದದಲ್ಲಿ ಇಂಗ್ಲೆಂಡ್ 3,98,085 ಪೌಂಡ್ ಕೊಟ್ಟಿತು. ಎಡಿನ್‌ಬರೋ ಸಂಸತ್ತು ತನ್ನನ್ನೇ ಮುಚ್ಚಿಕೊಳ್ಳಲು ಓಟು ಹಾಕಿತು. ಬೀದಿಯಲ್ಲಿ ಜನ ಗಲಾಟೆ ಮಾಡಿದರು, ಅವರನ್ನು ಕೇಳಿದವರಿಲ್ಲ. ಕಲೋಡನ್‌ನಲ್ಲೂ ಸ್ಕಾಟಿಷರು ಎರಡೂ ಕಡೆ ಇದ್ದರು. ಒಕ್ಕಲು ಎಬ್ಬಿಸಿದ ಜಮೀನ್ದಾರರಲ್ಲಿ ಬಹಳಷ್ಟು ಮಂದಿ ಅವರದೇ ಕುಲದ ಮುಖಂಡರು.

ಡಿಸರ್ಟೇಷನ್ ಹೊಸದಾಗಿ ಬರೆಯಬೇಕಾಯಿತು. ಪದವಿ ಮುಂದಿನ ವರ್ಷಕ್ಕೆ ಹೋಯಿತು, ವೀಸಾಗೆ ಮತ್ತೆ ದುಡ್ಡು ಕಟ್ಟಿದೆ. ಬೆಂಗಳೂರಿನಲ್ಲಿ ಒಂದು ಕೆಲಸ ಹೆಚ್ಚುಕಡಿಮೆ ಸಿಕ್ಕಿತ್ತು, ಸರ್ಟಿಫಿಕೇಟ್ ಇಲ್ಲ ಅಂತ ಅದೂ ಕೈತಪ್ಪಿತು.

ಅಷ್ಟಾದರೂ "ಹಾಗಿದ್ರೆ ಅವರೂ ಇಂಗ್ಲಿಷರ ಹಾಗೇನೇ" ಅಂತ ತೀರ್ಮಾನ ಮಾಡಬೇಡಿ. ಅದೂ ತಪ್ಪೇ. ಒಂದಾದ ಮೇಲೂ ಅವರ ಕಾನೂನು, ಚರ್ಚು, ಶಾಲೆ ಬೇರೆಯಾಗೇ ಉಳಿದವು. 1999ರಲ್ಲಿ ಅವರ ಸಂಸತ್ತು ಮತ್ತೆ ಶುರುವಾಯಿತು. 2022ರ ಜನಗಣತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ತಾವು ಬರೀ ಸ್ಕಾಟಿಷ್ ಅಂತ ಬರೆಸಿದ್ದಾರೆ. ಆದರೆ ಆ ಗುರುತಿಗೂ ಬೇರೆ ದೇಶ ಬೇಕು ಅನ್ನೋದಕ್ಕೂ ನೇರ ಗಂಟಿಲ್ಲ. ನಮ್ಮ ಓನರ್ ಅಜ್ಜಿ ನೋ ಕಡೆ. "ನಾನು ಅವನಿಗಿಂತ ಕಡಿಮೆ ಸ್ಕಾಟಿಷಾ?" ಅಂತ ನನ್ನ ರೂಮ್‌ಮೇಟ್ ಮೇಲೆ ಹಾರಾಡ್ತಿದ್ದರು. ಇಬ್ಬರ ಜಗಳ ಪಿಂಚಣಿ, ಪೌಂಡು, ಕಡಲ ಎಣ್ಣೆ, ಯುರೋಪ್ ಬಗ್ಗೆ. ಗುಲಾಮಗಿರಿ, ದಾಸ್ಯ ಅಂತ ಮಾತಾಡ್ತಿದ್ದವನು ಆ ಅಡುಗೆಮನೆಯಲ್ಲಿ ನಾನೊಬ್ಬನೇ. ಕೊನೆಗೆ ನೋ ಶೇಕಡಾ 55, ಯೆಸ್ 45.

ನನಗೂ ಓಟು ಇತ್ತು ಗೊತ್ತಾ? ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸ ಇದ್ದರೆ ಹಾಕಬಹುದಿತ್ತು. ಸ್ಕಾಟ್ಲೆಂಡಿನಲ್ಲೇ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದವರಿಗೆ ಇರಲಿಲ್ಲ. ರಕ್ತ ನೋಡಲಿಲ್ಲ, ವಿಳಾಸ ನೋಡಿದರು. ನನಗೆ ಅವರ ಬಗ್ಗೆ ಗೌರವ ಬಂದಿದ್ದು ಬ್ಯಾನಕ್‌ಬರ್ನ್ ನೋಡಿ ಅಲ್ಲ, ಇದನ್ನು ನೋಡಿ. ನೀವೂ ಹೋದ ತಕ್ಷಣ ಮತದಾರರ ಪಟ್ಟಿಗೆ ಹೆಸರು ಕೊಡಿ.

ನಿಮ್ಮ ಜೊತೆ ಹೊಂದಿಕೊಳ್ತಾರೆ, ಚೆನ್ನಾಗೇ ಹೊಂದಿಕೊಳ್ತಾರೆ. ಅದಕ್ಕೆ ಒಂದೇ ಕಷ್ಟದ ಅಣ್ಣತಮ್ಮಂದಿರು ಅನ್ನೋ ಪೀಠಿಕೆ ಬೇಡ. ಫುಟ್‌ಬಾಲ್ ಪಂದ್ಯದ ದಿನ ಮಾತ್ರ ಹಸಿರು, ನೀಲಿ ಎರಡೂ ಅಂಗಿ ಹಾಕಬೇಡಿ. ಹಸಿರು ಸೆಲ್ಟಿಕ್, ನೀಲಿ ರೇಂಜರ್ಸ್, ಎರಡೂ ಗ್ಲಾಸ್ಗೋ ತಂಡಗಳು; ಅವುಗಳ ಜಗಳದ ಹಿಂದೆ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಅನ್ನೋ ಹಳೇ ಕಥೆ ಇದೆ, ಅದರಲ್ಲಿ ನಮಗೇನು ಕೆಲಸ.

ಊರು ಅಂದ್ರೆ ಗ್ಲಾಸ್ಗೋ. ಮಳೆ ಜಾಸ್ತಿ, ಬಾಡಿಗೆ ಕಡಿಮೆ. ಎಡಿನ್‌ಬರೋ ರೈಲಿನಲ್ಲಿ ಒಂದು ಗಂಟೆಯೊಳಗೆ ಸಿಗುತ್ತೆ, ಶನಿವಾರ ಹೋಗಿ ಬನ್ನಿ.